ಗೂಗಲ್ ಸರ್ಚ್ ಕನ್ಸೋಲ್: ದುಡ್ಡು ಕೇಳಲ್ಲ, ಟೈಮ್ ಕೇಳುತ್ತದೆ

ವೆಬ್‌ಸೈಟ್ ಇಟ್ಟುಕೊಂಡವರು "ನಮ್ಮ ಸೈಟ್ ಗೂಗಲ್‌ನಲ್ಲಿ ಕಾಣಿಸೋದೇ ಇಲ್ಲ, ಯಾವ ಟೂಲ್ ತಗೊಳ್ಳಲಿ?" ಎಂದು ಕೇಳಿದಾಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ಸರ್ಚ್ ಕನ್ಸೋಲ್ ಹಾಕಿದ್ದೀರಾ? ನಿಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಎಂದು ಗೂಗಲ್ಲೇ ತೋರಿಸುವ ಟೂಲ್ ಇದು. ತುಂಬಾ ಜನ ಅದರ ಹೆಸರೇ ಕೇಳಿರುವುದಿಲ್ಲ. ಇನ್ನು ಕೆಲವರು "ಸೈಟ್ ಮಾಡಿಕೊಟ್ಟವರು ಹಾಕಿಕೊಟ್ಟಿದ್ದರು, ತೆರೆದು ನೋಡಿಲ್ಲ" ಅನ್ನುತ್ತಾರೆ. ಆದರೆ ಇದೇ ಜನ ತಿಂಗಳು ತಿಂಗಳು ಚಂದಾ ಕಟ್ಟಿ ದೊಡ್ಡ ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ) ಸಾಫ್ಟ್‌ವೇರ್ ಇಟ್ಟುಕೊಂಡಿರುತ್ತಾರೆ, ಇಲ್ಲವೇ ಯಾವುದೋ ಏಜೆನ್ಸಿಯ ಪ್ಯಾಕೇಜ್‌ಗೆ ಹಣ ಸುರಿಯುತ್ತಿರುತ್ತಾರೆ. ಅದಕ್ಕೇ ಈ ರಿವ್ಯೂ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಸೈಟ್‌ಗೆ, ಅಂದರೆ ಕೆಲವು ನೂರು ಪುಟಗಳ ಒಳಗಿನ ಸೈಟ್‌ಗೆ, ಇದಕ್ಕಿಂತ ಕೆಲಸಕ್ಕೆ ಬರುವ ಟೂಲ್ ನಾನು ನೋಡಿಲ್ಲ. ಪೂರ್ತಿ ಉಚಿತ. ಮಾಹಿತಿ ಬರುವುದು ನೇರ ಗೂಗಲ್‌ನಿಂದಲೇ, ಬೇರೆ ಟೂಲ್‌ಗಳ ಹಾಗೆ ಅಂದಾಜು ಅಲ್ಲ. ಆದರೆ ಇದರಲ್ಲಿ ತಲೆ ಕೆಡಿಸುವ ಸಂಗತಿಗಳೂ ಬೇಕಾದಷ್ಟಿವೆ. ನಂಬರ್‌ಗಳನ್ನು ಸರಿಯಾಗಿ ಓದಲು ಬರದಿದ್ದರೆ ಇದು ನಿಮ್ಮನ್ನು ಸುಮ್ನೆ ಹೆದರಿಸುತ್ತದೆ, ಇಲ್ಲವೇ ಸುಮ್ನೆ ಖುಷಿಪಡಿಸುತ್ತದೆ. ಎರಡೂ ಉಪಯೋಗವಿಲ್ಲ.

ಇದು ಹೊಸದೇನಲ್ಲ. 2005ರಲ್ಲಿ ಗೂಗಲ್ ಸೈಟ್‌ಮ್ಯಾಪ್ಸ್ ಎಂದು ಶುರುವಾಯಿತು, ಮುಂದಿನ ವರ್ಷ ವೆಬ್‌ಮಾಸ್ಟರ್ ಟೂಲ್ಸ್ ಆಯಿತು, 2015ರಲ್ಲಿ ಈಗಿನ ಹೆಸರು ಬಂತು. ನಿಜವಾದ ಬದಲಾವಣೆ ಆಗಿದ್ದು 2018ರಲ್ಲಿ. ಅದಕ್ಕೂ ಮುಂಚೆ ಹಿಂದಿನ 90 ದಿನದ ಹುಡುಕಾಟದ ಲೆಕ್ಕ ಮಾತ್ರ ಸಿಗುತ್ತಿತ್ತು, ಆಮೇಲೆ ಅದು 16 ತಿಂಗಳಾಯಿತು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹುಡುಕಾಟಕ್ಕೆ ಸೀಸನ್ ಇರುತ್ತದೆ. ಈ ತಿಂಗಳ ಲೆಕ್ಕವನ್ನು ಹೋದ ತಿಂಗಳ ಜೊತೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ, ಹೋದ ವರ್ಷದ ಇದೇ ತಿಂಗಳ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಸೆಟಪ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸೈಟ್ ಸೇರಿಸುವಾಗ ಎರಡು ದಾರಿ ಕೇಳುತ್ತದೆ, ಡೊಮೇನ್ ಮತ್ತು ಯುಆರ್‌ಎಲ್ ಪ್ರಿಫಿಕ್ಸ್. ಡೊಮೇನ್ ಆರಿಸಿಕೊಳ್ಳಿ. ಅದಕ್ಕೆ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಹೆಸರಿನ ಸೆಟ್ಟಿಂಗ್‌ನಲ್ಲಿ, ಸೈಟ್ ನಿಮ್ಮದೇ ಎಂದು ತೋರಿಸುವ ಒಂದು ಟಿಎಕ್ಸ್‌ಟಿ ರೆಕಾರ್ಡ್ ಹಾಕಬೇಕು, ಸ್ವಲ್ಪ ಕಿರಿಕಿರಿ, ಆದರೆ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು, ಇಲ್ಲದಿರುವುದು, ಸಬ್‌ಡೊಮೇನ್‌ಗಳು ಎಲ್ಲವೂ ಒಂದೇ ಕಡೆ ಬರುತ್ತವೆ. ಇನ್ನೊಂದು ಮಾತು: ಸೈಟ್ ನಿಮ್ಮದು, ಆದ್ದರಿಂದ ಓನರ್ ಅಕೌಂಟ್ ನಿಮ್ಮ ಹೆಸರಲ್ಲೇ ಇರಲಿ. ಏಜೆನ್ಸಿಯವರಿಗೆ ನೋಡಲು ಬೇಕಿದ್ದರೆ ಯೂಸರ್ ಆಗಿ ಸೇರಿಸಿ. ಏಜೆನ್ಸಿ ಬಿಟ್ಟ ಮೇಲೆ ಸ್ವಂತ ಸೈಟ್‌ನ ಲೆಕ್ಕವೇ ನೋಡಲಾಗದೆ ಒದ್ದಾಡುವವರು ತುಂಬಾ ಜನ ಇದ್ದಾರೆ.

ಈಗ ಅಸಲಿ ವಿಷಯ, ಪರ್ಫಾರ್ಮೆನ್ಸ್ ರಿಪೋರ್ಟ್. ಇದೊಂದಕ್ಕೇ ಈ ಟೂಲ್‌ಗೆ ಐದಕ್ಕೆ ಐದು ಕೊಡಬಹುದು. ಜನ ಗೂಗಲ್‌ನಲ್ಲಿ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಬಂತು, ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು, ಎಲ್ಲ ಇಲ್ಲಿದೆ. ಕಾಣಿಸಿದ್ದಕ್ಕೆ ಇಂಪ್ರೆಷನ್ ಅನ್ನುತ್ತಾರೆ, ಒತ್ತಿದ್ದಕ್ಕೆ ಕ್ಲಿಕ್. ಇಂಪ್ರೆಷನ್‌ಗಳಲ್ಲಿ ಶೇಕಡಾ ಎಷ್ಟು ಕ್ಲಿಕ್ ಆದವು ಎಂಬುದು ಸಿಟಿಆರ್.

ನನ್ನ ಸ್ನೇಹಿತರೊಬ್ಬರು ಹಳೇ ಫಿಲ್ಮ್ ಕ್ಯಾಮೆರಾ ರಿಪೇರಿ ಮಾಡುತ್ತಾರೆ. ಅವರ ಸೈಟ್‌ನಲ್ಲಿ "ನಮ್ಮ ಬಗ್ಗೆ", "ನಮ್ಮ ಸೇವೆಗಳು", "ಸಂಪರ್ಕಿಸಿ", ಮತ್ತೆ ಒಂದಷ್ಟು ಫೋಟೋ. ಅಷ್ಟೇ. ಸೇವೆಗಳ ಪುಟದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ "ಹಳೇ ಪಾದರಸದ ಬ್ಯಾಟರಿ ಬಳಸುವ ಕ್ಯಾಮೆರಾಗಳ ಲೈಟ್ ಮೀಟರ್ ಸರಿಮಾಡಿಕೊಡುತ್ತೇವೆ" ಎಂಬ ಒಂದು ಸಾಲಿತ್ತು. ಸರ್ಚ್ ಕನ್ಸೋಲ್ ತೆರೆದು ಆ ಪುಟ ಒತ್ತಿ, ಕ್ವೆರೀಸ್ (ಜನ ಟೈಪ್ ಮಾಡಿದ ಹುಡುಕಾಟಗಳು) ಟ್ಯಾಬ್‌ಗೆ ಹೋದರೆ, ಇಂಪ್ರೆಷನ್‌ಗಳಲ್ಲಿ ದೊಡ್ಡ ಪಾಲು ಬಂದಿದ್ದು ಆ ಒಂದು ಸಾಲಿನಿಂದ! ಆ ಬ್ಯಾಟರಿ ಈಗ ಸಿಗುತ್ತಾ, ಬದಲಿಗೆ ಯಾವುದು ಹಾಕಬಹುದು, ಹೊಸ ಬ್ಯಾಟರಿ ಹಾಕಿದ ಮೇಲೆ ಮೀಟರ್ ಯಾಕೆ ತಪ್ಪು ತೋರಿಸುತ್ತದೆ, ಜನ ಕೇಳುತ್ತಿದ್ದದ್ದು ಇದನ್ನು. ಅವರ ಪುಟ ಇದ್ದಿದ್ದು ಗೂಗಲ್ ಫಲಿತಾಂಶದ ಎರಡನೇ ಪುಟದಾಚೆ, ಹೀಗಾಗಿ ಕ್ಲಿಕ್ ಮಾತ್ರ ಹತ್ತಿರ ಹತ್ತಿರ ಸೊನ್ನೆ.

ಇದಕ್ಕೆ ಉತ್ತರ ಆ ಸ್ನೇಹಿತರಿಗೆ ನಿದ್ದೆಯಲ್ಲೂ ಗೊತ್ತು. ಹಳೇ ಪಾದರಸದ ಸೆಲ್ 1.35 ವೋಲ್ಟ್ ಕೊಡುತ್ತಿತ್ತು, ಮುಗಿಯುವವರೆಗೂ ಅದೇ ಮಟ್ಟದಲ್ಲಿ ನಿಲ್ಲುತ್ತಿತ್ತು. ಪಾದರಸ ವಿಷ ಅಂತ ಅದನ್ನು ನಿಲ್ಲಿಸಿದರು. ಈಗ ಅದೇ ಅಳತೆಯಲ್ಲಿ ಸಿಗುವ ಆಲ್ಕಲೈನ್ ಸೆಲ್ 1.5 ವೋಲ್ಟ್, ಅದೂ ಬಳಸುತ್ತಾ ಹೋದಂತೆ ಇಳಿಯುತ್ತದೆ. ವೋಲ್ಟೇಜ್ ಸರಿದೂಗಿಸುವ ಸರ್ಕ್ಯೂಟ್ ಇಲ್ಲದ ಕ್ಯಾಮೆರಾದಲ್ಲಿ ಮೀಟರ್ ಲೆಕ್ಕ ತಪ್ಪುತ್ತದೆ. ಶ್ರವಣ ಸಾಧನಕ್ಕೆ ಹಾಕುವ ಜಿಂಕ್ ಏರ್ ಸೆಲ್ ವೋಲ್ಟೇಜ್‌ನಲ್ಲಿ ಹಳೆಯದಕ್ಕೆ ಹತ್ತಿರ, ಆದರೆ ಬೇಗ ಒಣಗುತ್ತದೆ. ಇಷ್ಟನ್ನು ಅವರು ಫೋನ್‌ನಲ್ಲಿ ಗಿರಾಕಿಗಳಿಗೆ ಹೇಳುತ್ತಲೇ ಇದ್ದರು, ಸೈಟ್‌ನಲ್ಲಿ ಮಾತ್ರ ಒಂದಕ್ಷರ ಇರಲಿಲ್ಲ.

ಅದನ್ನೇ ಒಂದು ಪುಟ ಮಾಡಿ ಬರೆದರು. ಯಾವ ಮಾಡೆಲ್‌ಗೆ ಯಾವ ಸೆಲ್, ಅಡಾಪ್ಟರ್ ಬೇಕಾ ಬೇಡವಾ, ತಾವೇ ತೆಗೆದ ಫೋಟೋ, ಕೊನೆಯಲ್ಲಿ "ಮೀಟರ್ ಕ್ಯಾಲಿಬ್ರೇಟ್ ಮಾಡಿಸಬೇಕಿದ್ದರೆ ಹೀಗೆ ಕಳಿಸಿ" ಅಂತ ಒಂದು ಸಾಲು. ಆಮೇಲಿನ ತಿಂಗಳುಗಳಲ್ಲಿ ಅವರಿಗೆ ಬಂದ ಹೊಸ ವಿಚಾರಣೆಗಳಲ್ಲಿ ಹೆಚ್ಚಿನವು ಆ ಪುಟ ಓದಿದವರಿಂದಲೇ. ಇದನ್ನೇ ಅಲ್ವಾ ದೊಡ್ಡ ಹೆಸರಿಟ್ಟು ಕಂಟೆಂಟ್ ಮಾರ್ಕೆಟಿಂಗ್ ಅನ್ನುವುದು? ಕೀವರ್ಡ್ ಟೂಲ್ ತೆಗೆದು "ಈ ಪದವನ್ನು ಜಗತ್ತಿನಲ್ಲಿ ಇಷ್ಟು ಜನ ಹುಡುಕುತ್ತಾರೆ" ಅಂತ ನೋಡುವುದಕ್ಕಿಂತ, ನಿಮ್ಮದೇ ಪುಟ ಆಗಲೇ ಯಾವ ಪ್ರಶ್ನೆಗೆ ಅರೆಬರೆ ಕಾಣಿಸುತ್ತಿದೆ ಎಂದು ನೋಡುವುದು ಸಾವಿರ ಪಾಲು ಮೇಲು. ಗೂಗಲ್ ಆಗಲೇ ನಿಮ್ಮನ್ನು ಆ ವಿಷಯಕ್ಕೆ ಸಂಬಂಧಪಟ್ಟವರು ಎಂದು ಗುರುತಿಸಿದೆ. ಆದರೆ ಅಲ್ಲಿ ಓದಲು ಏನೂ ಇಲ್ಲ, ಅಷ್ಟೇ ತೊಂದರೆ.

ನಾನು ನೋಡುವ ಕ್ರಮ ಹೇಳುತ್ತೇನೆ. ಹಿಂದಿನ ಮೂರು ತಿಂಗಳು ಆರಿಸಿ, ಸರಾಸರಿ ಸ್ಥಾನದ ಚೌಕ ಆನ್ ಮಾಡಿ, 8ರಿಂದ 20ರ ನಡುವೆ ಇದ್ದು ಇಂಪ್ರೆಷನ್ ಜಾಸ್ತಿ ಇರುವ ಕ್ವೆರಿಗಳನ್ನು ಹುಡುಕಿ. ಅಲ್ಲಿಂದ ಮೇಲೆ ಬರುವುದು, ಏನೂ ಇಲ್ಲದ ಕಡೆಯಿಂದ ಬರುವುದಕ್ಕಿಂತ ಸುಲಭ. ಸ್ಥಾನ ಚೆನ್ನಾಗಿದ್ದೂ ಯಾರೂ ಒತ್ತುತ್ತಿಲ್ಲ ಎಂದರೆ ಸಮಸ್ಯೆ ಟೈಟಲ್‌ನಲ್ಲಿರಬಹುದು, "ಮುಖಪುಟ" ಎಂದೋ "ಸೇವೆಗಳು" ಎಂದೋ ಇದ್ದರೆ ಯಾರು ತಾನೇ ಒತ್ತುತ್ತಾರೆ? ಆದರೆ ನೀವು ಬರೆದ ಟೈಟಲ್ಲನ್ನೇ ಗೂಗಲ್ ತೋರಿಸುತ್ತದೆ ಎಂಬ ಗ್ಯಾರಂಟಿ ಇಲ್ಲ. ತನಗೆ ಸರಿ ಕಂಡಂತೆ ಬದಲಾಯಿಸುತ್ತದೆ. ಡಿಸ್ಕ್ರಿಪ್ಷನ್ ಅಂತೂ ಎಷ್ಟೋ ಸಲ ಪುಟದ ಒಳಗಿನಿಂದ ಯಾವುದೋ ಸಾಲು ಎತ್ತಿ ಹಾಕುತ್ತದೆ.

ಕ್ವೆರಿ ಫಿಲ್ಟರ್‌ನಲ್ಲಿ ರೆಜೆಕ್ಸ್ ಅಂತ ಒಂದು ಆಯ್ಕೆ ಇದೆ, 2021ರಲ್ಲಿ ಸೇರಿಸಿದ್ದು. ಹೆಸರು ನೋಡಿ ಓಡಿಹೋಗಬೇಡಿ. ಹೇಗೆ|ಯಾಕೆ|ಎಷ್ಟು|ಯಾವುದು ಎಂದು ನಡುವೆ ಉದ್ದ ಗೆರೆ ಹಾಕಿ ಬರೆದರೆ ಸಾಕು, ಪ್ರಶ್ನೆಯ ರೂಪದಲ್ಲಿರುವ ಹುಡುಕಾಟಗಳಷ್ಟೇ ಉಳಿಯುತ್ತವೆ. ಒಂದೇ ಪದವನ್ನು ಜನ ನಾಲ್ಕು ತರಹ ಬರೆಯುತ್ತಾರೆ, ಅದನ್ನೂ ಇದೇ ರೀತಿ ಒಟ್ಟಿಗೆ ಹಿಡಿಯಬಹುದು. ಮುಂದಿನ ಆರು ತಿಂಗಳು ಏನು ಬರೆಯಬೇಕು ಎಂಬ ಪಟ್ಟಿ ಅಲ್ಲೇ ಸಿಗುತ್ತದೆ.

ಹಾಗಂತ ಪ್ರತಿ ಕ್ವೆರಿಗೂ ಒಂದೊಂದು ಪುಟ ಮಾಡಲು ಹೋಗಬೇಡಿ. ಇದನ್ನು ಎಷ್ಟೋ ಜನ ಮಾಡುತ್ತಾರೆ, ಈಗಂತೂ ಎಐ ಬಂದ ಮೇಲೆ ಒಂದು ರಾತ್ರಿಯಲ್ಲಿ ಐನೂರು ಪುಟ ಹಾಕುವವರಿದ್ದಾರೆ. "ಈ ಕ್ಯಾಮೆರಾಗೆ ಬ್ಯಾಟರಿ", "ಈ ಕ್ಯಾಮೆರಾದ ಬ್ಯಾಟರಿ", "ಈ ಕ್ಯಾಮೆರಾ ಬ್ಯಾಟರಿ ಬದಲಿ" ಎಂದು ಮೂರು ಪುಟ ಮಾಡಿದರೆ ಅವೇ ಒಂದಕ್ಕೊಂದು ಪೈಪೋಟಿಗೆ ಬೀಳುತ್ತವೆ. ಗೂಗಲ್ ತನ್ನ ಫಲಿತಾಂಶದ ಕ್ರಮ ಬದಲಿಸಿದ 2011ರ ಪಾಂಡಾ ಅಪ್‌ಡೇಟ್ ಹೊಡೆದದ್ದು ಇಂಥ ತೆಳು ಪುಟಗಳ ಸೈಟ್‌ಗಳನ್ನೇ. 2022ರಲ್ಲಿ ಹೆಲ್ಪ್‌ಫುಲ್ ಕಂಟೆಂಟ್ ಅಪ್‌ಡೇಟ್ ಬಂತು, 2024ರ ಮಾರ್ಚ್‌ನಲ್ಲಿ ಅದನ್ನು ಮುಖ್ಯ ರ‍್ಯಾಂಕಿಂಗ್ ವ್ಯವಸ್ಥೆಯೊಳಗೇ ಸೇರಿಸಿದರು. ಅದೇ ಸಮಯಕ್ಕೆ ಸ್ಪ್ಯಾಮ್ ನಿಯಮಗಳಲ್ಲಿ, ರ‍್ಯಾಂಕ್‌ಗೋಸ್ಕರ ರಾಶಿ ರಾಶಿ ಪುಟ ಸುರಿಯುವುದನ್ನು ಹೆಸರಿಟ್ಟು ಸೇರಿಸಿದರು. ಬರೆದದ್ದು ಮನುಷ್ಯನೋ ಯಂತ್ರವೋ ಎಂಬುದು ಅಲ್ಲಿ ಮುಖ್ಯವಲ್ಲ. ಓದುವವನಿಗೆ ಏನಾದರೂ ಸಿಗುತ್ತದಾ ಎಂಬುದು ಮುಖ್ಯ.

ಇನ್ನು ನಂಬರ್ ಓದುವಾಗಿನ ಗುಂಡಿಗಳು. ಸರಾಸರಿ ಸ್ಥಾನ ಎಂಬುದು ಎಲ್ಲಕ್ಕಿಂತ ಮೋಸಗಾರ ನಂಬರ್. ನೀವು ಹೊಸ ಪುಟ ಬರೆದಿರಿ, ಅದು ನೂರಾರು ಹೊಸ ಕ್ವೆರಿಗಳಿಗೆ 50, 60ನೇ ಸ್ಥಾನದಲ್ಲಿ ಕಾಣಿಸಲು ಶುರುವಾಯಿತು ಅಂದುಕೊಳ್ಳಿ. ಕ್ಲಿಕ್ ಏರಿರುತ್ತದೆ, ಇಂಪ್ರೆಷನ್ ಏರಿರುತ್ತದೆ, ಆದರೆ ಇಡೀ ಸೈಟ್‌ನ ಸರಾಸರಿ ಸ್ಥಾನ ಕೆಳಗೆ ಬಿದ್ದಿರುತ್ತದೆ, ಸಿಟಿಆರ್ ಕೂಡ ಬಿದ್ದಿರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಹೊಸ ಪುಟ ಅಳಿಸಿದವರನ್ನೂ ನಾನು ಕಂಡಿದ್ದೇನೆ. ಇಡೀ ಸೈಟ್‌ಗೆ ಆ ನಂಬರ್ ನೋಡಲೇಬೇಡಿ. ಒಂದು ಪುಟ, ಒಂದು ಕ್ವೆರಿ ಹಿಡಿದು ನೋಡಿ.

ಇನ್ನೊಂದು. ಮೇಲಿನ ಗ್ರಾಫ್‌ನಲ್ಲಿ ಇರುವ ಒಟ್ಟು ಕ್ಲಿಕ್‌ಗೂ ಕೆಳಗಿನ ಕ್ವೆರಿ ಪಟ್ಟಿಯನ್ನು ಕೂಡಿಸಿದರೆ ಬರುವ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ತುಂಬಾ ಕಡಿಮೆ ಜನ ಹುಡುಕಿದ ಕ್ವೆರಿಗಳನ್ನು ಗೂಗಲ್ ಪ್ರೈವಸಿ ಕಾರಣಕ್ಕೆ ಮುಚ್ಚಿಡುತ್ತದೆ. ಚಿಕ್ಕ ಸೈಟ್‌ಗಳಲ್ಲಿ ಈ ಮುಚ್ಚಿಟ್ಟ ಪಾಲು ದೊಡ್ಡದೇ ಇರುತ್ತದೆ. ಜೊತೆಗೆ ಪಟ್ಟಿಯಲ್ಲಿ ಸಿಗುವುದು 1,000 ಸಾಲು ಮಾತ್ರ, ಅದಕ್ಕಿಂತ ಜಾಸ್ತಿ ಬೇಕಿದ್ದರೆ ಎಪಿಐ (ಪ್ರೋಗ್ರಾಂ ಬರೆದು ಮಾಹಿತಿ ತೆಗೆಯುವ ದಾರಿ) ಬಳಸಬೇಕು ಇಲ್ಲವೇ ಗೂಗಲ್‌ನ ಡೇಟಾ ಸೇವೆ ಬಿಗ್‌ಕ್ವೆರಿಗೆ ಎಕ್ಸ್‌ಪೋರ್ಟ್ ಹಾಕಿಕೊಳ್ಳಬೇಕು. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಉಚಿತ ಎಂದು ಸುಮ್ಮನಿರಬೇಕು, ಇನ್ನೇನು ಮಾಡುವುದು.

2025ರ ಸೆಪ್ಟೆಂಬರ್‌ನಲ್ಲಿ ಎಷ್ಟೋ ಸೈಟ್‌ಗಳ ಇಂಪ್ರೆಷನ್ ಗ್ರಾಫ್ ದಿಢೀರನೆ ಕೆಳಗಿಳಿಯಿತು, ಸರಾಸರಿ ಸ್ಥಾನ ದಿಢೀರನೆ ಚೆನ್ನಾಯಿತು. ಕ್ಲಿಕ್ ಮಾತ್ರ ಹೆಚ್ಚುಕಮ್ಮಿ ಅಲ್ಲೇ ಇತ್ತು. ಒಂದೇ ಪುಟದಲ್ಲಿ 100 ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ಆ ಹೊತ್ತಿಗೆ ತೆಗೆದುಹಾಕಿತ್ತು. ರ‍್ಯಾಂಕ್ ಅಳೆಯುವ ಸಾಫ್ಟ್‌ವೇರ್‌ಗಳು ಅದನ್ನು ಬಳಸಿಕೊಂಡು ದಿನವಿಡೀ ಹುಡುಕುತ್ತಿದ್ದವು, ಹಾಗೆ ಹುಡುಕಿದಾಗಲೆಲ್ಲ 80, 90ನೇ ಸ್ಥಾನದ ಪುಟಗಳಿಗೂ ಇಂಪ್ರೆಷನ್ ಬೀಳುತ್ತಿತ್ತು ಎಂಬುದು ಈ ಕೆಲಸದಲ್ಲಿರುವವರ ವಿವರಣೆ. ಅಂದರೆ ಅಲ್ಲಿಯವರೆಗಿನ ಇಂಪ್ರೆಷನ್‌ನಲ್ಲಿ ಒಂದು ಪಾಲು ಮನುಷ್ಯರದ್ದೇ ಅಲ್ಲ. ಆ ತಿಂಗಳನ್ನು ದಾಟುವ ಯಾವ ಹೋಲಿಕೆ ಮಾಡಿದರೂ ಇದನ್ನು ನೆನಪಿಟ್ಟುಕೊಳ್ಳಿ.

ಈಗ ಏಜೆನ್ಸಿ ಕಥೆ. ಅದೇ ಕ್ಯಾಮೆರಾ ಸ್ನೇಹಿತರು ಆ ಬ್ಯಾಟರಿ ಪುಟ ಬರೆಯುವುದಕ್ಕೂ ಮುಂಚೆ ಒಂದು ಏಜೆನ್ಸಿಗೆ ಕೆಲಸ ಕೊಟ್ಟಿದ್ದರು. ಹೆಸರು ಬೇಡ. ಪ್ರತಿ ತಿಂಗಳು ಬಣ್ಣಬಣ್ಣದ ಪಿಡಿಎಫ್ ಬರುತ್ತಿತ್ತು. ಡೊಮೇನ್ ಅಥಾರಿಟಿ ಇಷ್ಟಿತ್ತು, ಇಷ್ಟಾಯಿತು. ಇಷ್ಟು ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಬರುವ ಲಿಂಕ್) ಕಟ್ಟಿದ್ದೇವೆ. ಇಷ್ಟು ಕೀವರ್ಡ್ ಮೊದಲ ಪುಟಕ್ಕೆ ಬಂದಿವೆ. ನೋಡಲು ಚೆಂದ. ಫೋನ್ ಮಾತ್ರ ರಿಂಗ್ ಆಗುತ್ತಿರಲಿಲ್ಲ.

ಆ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಸರ್ಚ್ ಕನ್ಸೋಲ್ ತೆರೆದೆವು. ಮೊದಲ ಪುಟಕ್ಕೆ ಬಂದಿವೆ ಎಂದ ಕೀವರ್ಡ್‌ಗಳನ್ನು ಒಂದೊಂದಾಗಿ ಫಿಲ್ಟರ್‌ನಲ್ಲಿ ಹಾಕಿದರೆ ಎಷ್ಟೋ ಪದಗಳಿಗೆ ಇಂಪ್ರೆಷನ್ನೇ ಇಲ್ಲ. ಯಾರೂ ಹುಡುಕದ ನಾಲ್ಕೈದು ಪದಗಳ ಸರಪಳಿ ಮಾಡಿ ಅದರಲ್ಲಿ ಮೊದಲ ಸ್ಥಾನ ಎಂದರೆ, ಅಲ್ಲಿ ಓಡಿದ್ದೇ ಒಬ್ಬರು. ಆಮೇಲೆ ಇನ್ನೊಂದು ಫಿಲ್ಟರ್ ಹಾಕಿದೆವು, ಅವರ ಅಂಗಡಿಯ ಹೆಸರು ಇಲ್ಲದ ಕ್ವೆರಿಗಳು ಮಾತ್ರ. ಆಗ ಗ್ರಾಫ್ ನೆಲಕ್ಕೆ ಅಂಟಿಕೊಂಡಿತು. ಬರುತ್ತಿದ್ದ ಕ್ಲಿಕ್ ಬಹುಪಾಲು ಅಂಗಡಿ ಹೆಸರು ಗೊತ್ತಿದ್ದು ಹುಡುಕಿದ ಹಳೇ ಗಿರಾಕಿಗಳದ್ದು. ಅವರು ಹೇಗಿದ್ದರೂ ಬರುತ್ತಿದ್ದರು. ಯಾವ ಏಜೆನ್ಸಿಯನ್ನು ಅಳೆಯಬೇಕಿದ್ದರೂ ಈ ಫಿಲ್ಟರ್ ಒಂದು ಸಾಕು ಎಂದು ನನ್ನ ಲೆಕ್ಕ. "ನಮ್ಮ ಹೆಸರು ಬಿಟ್ಟು ಬಂದ ಕ್ಲಿಕ್ ಎಷ್ಟು ಏರಿದೆ?" ಎಂದು ಕೇಳಿ ನೋಡಿ, ಮೀಟಿಂಗ್ ಬೇಗ ಮುಗಿಯುತ್ತದೆ.

ಡೊಮೇನ್ ಅಥಾರಿಟಿ ಎಂಬುದು ಮೋಜ಼್ ಎಂಬ ಎಸ್‌ಇಒ ಟೂಲ್ ಕಂಪನಿ, ಸೈಟ್‌ನ ಬಲ ಅಳೆಯಲು ಮಾಡಿಕೊಂಡಿರುವ 1ರಿಂದ 100ರವರೆಗಿನ ಒಂದು ಅಂಕ. ಬೇರೆ ಕಂಪನಿಗಳದ್ದೂ ಬೇರೆ ಬೇರೆ ಹೆಸರಲ್ಲಿ ಇವೆ. ಎರಡು ಸೈಟ್ ಹೋಲಿಸಲು ಅಂದಾಜಿಗೆ ಆಗಬಹುದು, ತಪ್ಪಲ್ಲ. ಆದರೆ ಗೂಗಲ್ ಅದನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ. ಅದನ್ನು ಏರಿಸುವುದೇ ಗುರಿ ಎಂದು ಮಾರುವವರಿಂದ ದೂರ ಇರಿ. ಹಾಗೆಯೇ ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಕಾಣದಂತೆ ಬರೆಯುವ ಪದಗಳ ಪಟ್ಟಿ) ತುಂಬಿಕೊಡುತ್ತೇವೆ ಎಂದು ಇವತ್ತಿಗೂ ಪ್ಯಾಕೇಜ್‌ನಲ್ಲಿ ಬರೆಯುತ್ತಾರೆ! ವೆಬ್ ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಮೊದಲ ಸ್ಥಾನ ಗ್ಯಾರಂಟಿ ಅನ್ನುವವರ ಬಗ್ಗೆಯೂ ಗೂಗಲ್‌ನ ಸ್ವಂತ ಮಾರ್ಗದರ್ಶಿಯಲ್ಲಿ ಸಾಫ್ ಸೀದಾ ಇದೆ: ಅಂಥ ಗ್ಯಾರಂಟಿ ಯಾರೂ ಕೊಡಲಾರರು.

ಲಿಂಕ್ಸ್ ರಿಪೋರ್ಟ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಯಾವ ಯಾವ ಸೈಟ್‌ಗಳು ನಿಮಗೆ ಲಿಂಕ್ ಕೊಟ್ಟಿವೆ ಎಂದು ತೋರಿಸುತ್ತದೆ, ಆದರೆ ಪೂರ್ತಿ ಪಟ್ಟಿಯಲ್ಲ, ಒಂದು ಸ್ಯಾಂಪಲ್. ಸ್ನೇಹಿತರ ಸೈಟ್‌ನಲ್ಲಿ ಏಜೆನ್ಸಿ ಕಟ್ಟಿದ ಲಿಂಕ್‌ಗಳನ್ನು ತೆರೆದು ನೋಡಿದರೆ ಒಂದೂ ಮನುಷ್ಯರು ಓದುವ ಪುಟವಲ್ಲ, ಡೈರೆಕ್ಟರಿಗಳು, ಯಾವುದ್ಯಾವುದೋ ವಿಷಯ ಕಲಸಿದ ಪುಟಗಳು. 2012ರಲ್ಲಿ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಇಂಥ ಲಿಂಕ್ ನಂಬಿಕೊಂಡಿದ್ದ ಸೈಟ್‌ಗಳು ಮುಳುಗಿದವು. ಈಗ ಬಹುಪಾಲು ಗೂಗಲ್ ಅವುಗಳನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಅಂದರೆ ಕೊಟ್ಟ ದುಡ್ಡು ನೀರಿಗೆ. ಇದರ ಮೇಲೆ ಇನ್ನೊಬ್ಬರು ಬಂದು "ನಿಮ್ಮ ಕೆಟ್ಟ ಲಿಂಕ್‌ಗಳನ್ನು ತೊಳೆದುಕೊಡುತ್ತೇವೆ" ಎಂದು ಮತ್ತೊಂದು ಬಿಲ್ ಮಾಡುತ್ತಾರೆ. ಈ ಲಿಂಕ್‌ಗಳನ್ನು ಲೆಕ್ಕಕ್ಕೆ ತಗೋಬೇಡಿ ಎಂದು ಗೂಗಲ್‌ಗೆ ಹೇಳುವ ಡಿಸ್‌ಅವೌ ಟೂಲ್ ಇರುವುದು ನಿಜ, ಆದರೆ ಹೆಚ್ಚಿನ ಸೈಟ್‌ಗಳಿಗೆ ಅದರ ಅಗತ್ಯವಿಲ್ಲ ಎಂದು ಗೂಗಲ್ಲೇ ಹೇಳುತ್ತದೆ. ಗೂಗಲ್‌ನವರು ನಿಮ್ಮ ಸೈಟ್‌ಗೆ ಶಿಕ್ಷೆ ಕೊಟ್ಟಿದ್ದರೆ ತಿಳಿಸುವ ಮ್ಯಾನುಯಲ್ ಆಕ್ಷನ್ಸ್ ಪುಟ ತೆರೆದು ನೋಡಿ. ಅಲ್ಲಿ ಹಸಿರು ಟಿಕ್ ಇದ್ದರೆ ಆ ಬಿಲ್ ವಾಪಸ್ ಕಳಿಸಬಹುದು.

ಮುಂದಿನದು ಪೇಜ್ ಇಂಡೆಕ್ಸಿಂಗ್ ರಿಪೋರ್ಟ್. ಉಪಯೋಗ ದೊಡ್ಡದು, ಬರೆದಿರುವ ರೀತಿ ಕೆಟ್ಟದ್ದು. ಯಾವ ಪುಟಗಳು ಗೂಗಲ್‌ನ ಇಂಡೆಕ್ಸ್‌ನಲ್ಲಿ (ಅದು ಹುಡುಕಿ ತೋರಿಸುವ ಪುಟಗಳ ಪಟ್ಟಿಯಲ್ಲಿ) ಇವೆ, ಯಾವುವು ಇಲ್ಲ, ಯಾಕಿಲ್ಲ ಎಂದು ಹೇಳುತ್ತದೆ. ಇಂಡೆಕ್ಸ್‌ನಲ್ಲೇ ಇಲ್ಲದ ಪುಟಕ್ಕೆ ಎಷ್ಟು ಎಸ್‌ಇಒ ಮಾಡಿದರೂ ಅದು ಕಾಣಿಸುವುದಿಲ್ಲವಾದ್ದರಿಂದ ಇದನ್ನು ಮೊದಲು ನೋಡಲೇಬೇಕು. ಆದರೆ "ನಿಮ್ಮ ಪುಟಗಳು ಇಂಡೆಕ್ಸ್ ಆಗದಂತೆ ತಡೆಯುವ ಹೊಸ ಕಾರಣ ಸಿಕ್ಕಿದೆ" ಎಂಬ ಇಮೇಲ್ ಬಂದಾಗ ಜನ ನಿದ್ದೆಗೆಡುತ್ತಾರೆ. ತೆರೆದು ನೋಡಿದರೆ ರೀಡೈರೆಕ್ಟ್ ಆದ ಹಳೇ ವಿಳಾಸ, ಬೇಕೆಂದೇ ಅಳಿಸಿದ ಪುಟ, ಫೀಡ್ ವಿಳಾಸ. ಇವು ಇಂಡೆಕ್ಸ್ ಆಗಬಾರದವೇ. ಬೂದು ಬಣ್ಣದ ಆ ದೊಡ್ಡ ನಂಬರನ್ನು ಸೊನ್ನೆ ಮಾಡಲು ಹೊರಡಬೇಡಿ. ನಿಮಗೆ ಮುಖ್ಯವಾದ ಪುಟ ಆ ಪಟ್ಟಿಯಲ್ಲಿ ಇದೆಯಾ ಎಂಬುದಷ್ಟೇ ಪ್ರಶ್ನೆ.

ತಲೆ ಕೆಡಿಸಿಕೊಳ್ಳಬೇಕಾದ ಸಾಲುಗಳು ಎರಡಿವೆ. "ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಎಂದರೆ ವಿಳಾಸ ಗೊತ್ತಾಗಿದೆ, ಇನ್ನೂ ಬಂದು ನೋಡಿಲ್ಲ. "ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಎಂದರೆ ಬಂದು ನೋಡಿದೆ, ಆದರೂ ಇಟ್ಟುಕೊಂಡಿಲ್ಲ. ಎರಡನೆಯದು ಬರೆದವರಿಗೆ ಚುಚ್ಚುತ್ತದೆ. ಯಾಕೆ ಇಟ್ಟುಕೊಂಡಿಲ್ಲ ಎಂಬುದನ್ನು ಟೂಲ್ ಹೇಳುವುದಿಲ್ಲ, ಇದು ಇದರ ಬಹುದೊಡ್ಡ ಕೊರತೆ. ನನ್ನ ಅನುಭವದಲ್ಲಿ ಆ ಪುಟದಲ್ಲಿ ಹೇಳುವಂಥದ್ದು ಏನೂ ಇರುವುದಿಲ್ಲ, ಅಥವಾ ಅದೇ ಮಾತು ನಿಮ್ಮದೇ ಇನ್ನೊಂದು ಪುಟದಲ್ಲಿ ಇರುತ್ತದೆ, ಅಥವಾ ಸೈಟ್‌ನ ಬೇರೆ ಯಾವ ಪುಟದಿಂದಲೂ ಅದಕ್ಕೆ ಲಿಂಕ್ ಇರುವುದಿಲ್ಲ. ಮೂರನೆಯದು ಸರಿಮಾಡಲು ಅತಿ ಸುಲಭ, ಆದರೆ ಯಾರೂ ಮಾಡುವುದಿಲ್ಲ.

ರೋಬಾಟ್ಸ್ ಫೈಲ್ (ಸರ್ಚ್ ಎಂಜಿನ್ ಎಲ್ಲಿಗೆ ಬರಬಾರದು ಎಂದು ಹೇಳುವ ಫೈಲ್) ಮತ್ತು ನೋಇಂಡೆಕ್ಸ್ (ಈ ಪುಟ ತೋರಿಸಬೇಡಿ ಎಂದು ಪುಟದಲ್ಲೇ ಹಾಕುವ ಸೂಚನೆ) ನಡುವಿನ ಗೊಂದಲವೂ ಇಲ್ಲೇ ಬಯಲಾಗುತ್ತದೆ. ರೋಬಾಟ್ಸ್ ಫೈಲ್‌ನಲ್ಲಿ ತಡೆದರೆ ಗೂಗಲ್ ಪುಟದ ಒಳಗೆ ಬರುವುದಿಲ್ಲ, ಆದರೆ ಬೇರೆ ಕಡೆ ಲಿಂಕ್ ಇದ್ದರೆ ವಿಳಾಸ ಮಾತ್ರ ಫಲಿತಾಂಶದಲ್ಲಿ ಬರಬಹುದು. ಪುಟ ಬರಲೇಬಾರದು ಎಂದಿದ್ದರೆ ನೋಇಂಡೆಕ್ಸ್ ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಒಳಗೆ ಬಾರದ ಗೂಗಲ್‌ಗೆ ನೋಇಂಡೆಕ್ಸ್ ಕಾಣಿಸುವುದೇ ಇಲ್ಲ.

ಯುಆರ್‌ಎಲ್ ಇನ್‌ಸ್ಪೆಕ್ಷನ್ ಚೆನ್ನಾಗಿದೆ. ವಿಳಾಸ ಹಾಕಿದರೆ ಕೊನೆಯ ಸಲ ಯಾವಾಗ ಬಂದು ಹೋಗಿದೆ, ಯಾವ ವಿಳಾಸವನ್ನು ಮೂಲ ಎಂದುಕೊಂಡಿದೆ ಎಲ್ಲ ಹೇಳುತ್ತದೆ. ಅಲ್ಲಿರುವ ರಿಕ್ವೆಸ್ಟ್ ಇಂಡೆಕ್ಸಿಂಗ್ ಬಟನ್ ಮಾತ್ರ ಒಂದು ಚಟ. ಒಂದೇ ಪುಟಕ್ಕೆ ದಿನಾ ಒತ್ತಿದರೆ ಬೇಗ ಆಗುವುದಿಲ್ಲ, ದಿನಕ್ಕೆ ಮಿತಿಯೂ ಇದೆ. ಒಂದು ಸಲ ಒತ್ತಿ ಬೇರೆ ಕೆಲಸ ನೋಡಿ. ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ವಿಳಾಸಪಟ್ಟಿ) ಕೂಡ ಒಮ್ಮೆ ಕೊಟ್ಟರೆ ಸಾಕು. ಒಂದು ಫೈಲ್‌ನಲ್ಲಿ 50,000 ವಿಳಾಸಗಳವರೆಗೆ ಹಾಕಬಹುದು, ನಮ್ಮಂಥವರಿಗೆ ಆ ಮಿತಿ ತಟ್ಟುವುದೇ ಇಲ್ಲ. ಅದರಲ್ಲಿ ಪ್ರಯಾರಿಟಿ ನಂಬರ್ ತುಂಬುತ್ತಾ ಕೂರಬೇಡಿ, ಗೂಗಲ್ ಅದನ್ನು ನೋಡುವುದಿಲ್ಲ.

ಕೋರ್ ವೆಬ್ ವೈಟಲ್ಸ್ ರಿಪೋರ್ಟ್ ಬಗ್ಗೆ ಎರಡೇ ಮಾತು. ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಿಸಬೇಕು, ಒತ್ತಿದಾಗ 200 ಮಿಲಿಸೆಕೆಂಡ್ ಒಳಗೆ ಸ್ಪಂದಿಸಬೇಕು, ಓದುವಾಗ ಪುಟ ಮೇಲೆ ಕೆಳಗೆ ಜಿಗಿಯಬಾರದು. ಕ್ರೋಮ್ ಬಳಸುವ ನಿಜವಾದ ಜನರಿಂದ ಬರುವ ಲೆಕ್ಕ ಆದ್ದರಿಂದ, ಓದುಗರು ಕಡಿಮೆ ಇರುವ ಸೈಟ್‌ಗೆ ಇಲ್ಲಿ ಏನೂ ಕಾಣಿಸುವುದಿಲ್ಲ. ಕೆಂಪು ಇದ್ದರೆ ಸರಿಮಾಡಿ. ಹಸಿರು ಬಂದ ಮೇಲೆ ಇನ್ನೂ ಹಸಿರು ಮಾಡಲು ತಿಂಗಳು ಕಳೆಯಬೇಡಿ, ಆ ಟೈಮ್‌ನಲ್ಲಿ ಒಂದು ಒಳ್ಳೆ ಪುಟ ಬರೆಯಬಹುದು.

ಈಗಿನ ದೊಡ್ಡ ತಲೆನೋವು ಬೇರೆ. 2024ರಿಂದ ಗೂಗಲ್ ಫಲಿತಾಂಶದ ಮೇಲೆ ಎಐ ಓವರ್‌ವ್ಯೂ, ಅಂದರೆ ಎಐ ಬರೆದ ಉತ್ತರದ ಸಾರಾಂಶ, ಬರತೊಡಗಿತು. ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕರೆ ಕೆಳಗಿನ ಲಿಂಕ್ ಒತ್ತುವವರು ಯಾರು? ನಿಮ್ಮ ಪುಟ ಅದರೊಳಗೆ ಲಿಂಕ್ ಆಗಿ ಬಂದರೆ ಸರ್ಚ್ ಕನ್ಸೋಲ್ ಆ ಇಂಪ್ರೆಷನ್, ಕ್ಲಿಕ್‌ಗಳನ್ನು ಮಾಮೂಲಿ ವೆಬ್ ಲೆಕ್ಕದಲ್ಲೇ ಸೇರಿಸುತ್ತದೆ. ನಾನು ಬಳಸಿರುವಷ್ಟರಲ್ಲಿ ಅದನ್ನು ಬೇರೆ ಮಾಡಿ ನೋಡುವ ಫಿಲ್ಟರ್ ಇರಲಿಲ್ಲ. ಹೀಗಾಗಿ ಸ್ಥಾನ ಚೆನ್ನಾಗಿದೆ, ಇಂಪ್ರೆಷನ್ ಏರಿದೆ, ಕ್ಲಿಕ್ ಇಳಿದಿದೆ ಎಂಬ ಪುಟ ಕಂಡರೆ ಕಾರಣ ಅದೇ ಇರಬಹುದು ಎಂದು ಊಹಿಸಬೇಕು, ಅಷ್ಟೇ. ಇಷ್ಟು ದೊಡ್ಡ ಬದಲಾವಣೆ ಮಾಡಿದವರು ಸೈಟ್ ನಡೆಸುವವರಿಗೆ ಅದರ ಲೆಕ್ಕ ಬಿಡಿಸಿ ಕೊಡದಿರುವುದು ನನಗೆ ಸರಿ ಕಾಣುವುದಿಲ್ಲ. ಒಂದು ಸಾಲಲ್ಲಿ ಮುಗಿಯುವ ಉತ್ತರಗಳ ಪುಟಗಳು ಹೀಗೆ ಕ್ಲಿಕ್ ಕಳೆದುಕೊಳ್ಳುತ್ತವೆ. ಬ್ಯಾಟರಿ ಪುಟದಂಥವು, ಅಂದರೆ ಫೋಟೋ ನೋಡಬೇಕು, ತಮ್ಮ ಮಾಡೆಲ್ ಹುಡುಕಬೇಕು, ಕೊನೆಗೆ ಯಾರಿಗಾದರೂ ಕಳಿಸಬೇಕು ಎನ್ನುವಂಥವು, ಇನ್ನೂ ಓದುಗರನ್ನು ತರುತ್ತಿವೆ.

ಬೇರೆ ಟೂಲ್ ಬೇಡವೇ ಬೇಡವಾ? ಹಾಗೇನಿಲ್ಲ. ಸರ್ಚ್ ಕನ್ಸೋಲ್ ನಿಮ್ಮ ಸೈಟ್ ಬಗ್ಗೆ ಮಾತ್ರ ಹೇಳುತ್ತದೆ. ಪಕ್ಕದವರು ಯಾವ ಪುಟದಿಂದ ಓದುಗರನ್ನು ಸೆಳೆಯುತ್ತಿದ್ದಾರೆ, ನೀವು ಇನ್ನೂ ಬರೆದೇ ಇಲ್ಲದ ವಿಷಯಕ್ಕೆ ಬೇಡಿಕೆ ಎಷ್ಟಿದೆ, ಇವೆಲ್ಲ ಬೇಕಿದ್ದರೆ ಅಹ್ರೆಫ್ಸ್, ಸೆಮ್‌ರಶ್ ತರಹದ ದುಡ್ಡಿನ ಟೂಲ್‌ಗಳೇ ಬೇಕು. ಅಲ್ಲಿಯ ನಂಬರ್ ಅಂದಾಜು ಎಂದು ತಿಳಿದು ಬಳಸಿದರೆ ಸರಿ. ಓದುಗರು ಒಳಗೆ ಬಂದ ಮೇಲೆ ಏನು ಮಾಡಿದರು ಎಂಬುದಕ್ಕೆ ಅನಾಲಿಟಿಕ್ಸ್ ಬೇಕು. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಕೂಡ ಉಚಿತ, ಸರ್ಚ್ ಕನ್ಸೋಲ್‌ನಿಂದ ನೇರ ಇಂಪೋರ್ಟ್ ಮಾಡಿಕೊಳ್ಳುತ್ತದೆ, ಕೆಲವೇ ನಿಮಿಷದ ಕೆಲಸ. ಅಲ್ಲಿ ಇಂಡೆಕ್ಸ್‌ನೌ ಎಂಬ ವ್ಯವಸ್ಥೆಯೂ ಇದೆ, ಪುಟ ಬದಲಾದ ಕೂಡಲೇ ಸರ್ಚ್ ಎಂಜಿನ್‌ಗೆ ತಿಳಿಸುತ್ತದೆ. ಗೂಗಲ್ ಅದಕ್ಕೆ ಸೇರಿಕೊಂಡಿಲ್ಲ.

ಯಾರಿಗೆ ಇದು ಹೊಂದುವುದಿಲ್ಲ ಎಂದರೆ, ನಾಳೆಯೇ ಫಲ ಬೇಕು ಅನ್ನುವವರಿಗೆ. ಎಸ್‌ಇಒ ಕೆಲಸದ ಪರಿಣಾಮ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಗೂಗಲ್‌ನವರೇ ಹೇಳಿದ್ದಾರೆ. ದಿನಾ ಬೆಳಗ್ಗೆ ತೆರೆದು ಗ್ರಾಫ್ ನೋಡುತ್ತಾ ಕೂತರೆ ಬಿಪಿ ಏರುತ್ತದೆ ಅಷ್ಟೇ. ವಾರಕ್ಕೊಮ್ಮೆ ಸಾಕು. ತಿಂಗಳಿಗೊಮ್ಮೆ ಕೂತು ಒಂದು ಹಳೇ ಪುಟ ಸರಿಮಾಡಿ, ಒಂದು ಹೊಸ ಪುಟ ಬರೆದರೆ ಇನ್ನೂ ಒಳ್ಳೆಯದು.

ನನ್ನ ಅಂಕ ಐದಕ್ಕೆ ನಾಲ್ಕು. ಅರ್ಧ ಕಳೆದದ್ದು ಎಐ ಲೆಕ್ಕ ಮುಚ್ಚಿಟ್ಟಿದ್ದಕ್ಕೆ, ಇನ್ನರ್ಧ ಕಾರಣ ಹೇಳದೆ ಪುಟ ತಳ್ಳಿಹಾಕುವುದಕ್ಕೆ. ಇನ್ನೂ ಸೈಟ್ ಸೇರಿಸಿಲ್ಲದಿದ್ದರೆ ಇವತ್ತೇ ಸೇರಿಸಿ, ನೋಡಲು ಪುರುಸೊತ್ತು ಇಲ್ಲದಿದ್ದರೂ ಪರವಾಗಿಲ್ಲ, ಲೆಕ್ಕ ಕೂಡುತ್ತಾ ಹೋಗುತ್ತದೆ. ಆಗಲೇ ಇದ್ದರೆ ವರ್ಷಕ್ಕೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಒಂದು ಶೀಟ್‌ನಲ್ಲಿ ಎತ್ತಿಡಿ, ಯಾಕೆಂದರೆ 16 ತಿಂಗಳು ದಾಟಿದ್ದು ಆಮೇಲೆ ಎಷ್ಟು ಬೇಡಿಕೊಂಡರೂ ಸಿಗುವುದಿಲ್ಲ.